ಒಂದೆಳೆಯ ರಂಗೋಲಿ

ಶಬಾನಾ, ಆ ರಂಗೋಲಿ ನಾನು ಮರೆತು ಹಾಕಿದ್ದಲ್ಲ. ಬೇಕಂತಲೇ ಹಾಕಿದ್ದು. ಒಂದೊಂದು ಎಳೆಯನ್ನೂ ಗೊತ್ತಿದ್ದೇ ಎಳೆದಿದ್ದು. ನಾಲ್ಕು ಜನರ ಮುಂದೆ ನಿನ್ನ ಮುಖಕ್ಕೆ ಮಸಿ ಹತ್ತಬೇಕು ಅಂತಲೇ ಎಳೆದಿದ್ದು. ಇಷ್ಟನ್ನು ಮೊದಲು ಬರೆದುಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಮಿಕ್ಕಿದ್ದರಿಂದ ಶುರು ಮಾಡಿದರೆ ನಾನು ಜಾಣೆ, ಮಾತನ್ನು ಹೇಗಾದರೂ ನನ್ನ ಕಡೆಗೇ ತಿರುಗಿಸಿಕೊಂಡುಬಿಡುತ್ತೇನೆ.

ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ಅಲ್ಲಲ್ಲಿ ಬಿಟ್ಟುಹೋಗಿರುತ್ತದೆ. ನೀನು ಮೈಸೂರಿನಲ್ಲಿ ಕನ್ನಡ ಶಾಲೆಯಲ್ಲಿ ಓದಿದವಳು, ಸರಿ ಮಾಡಿಕೊಂಡು ಓದಿಕೊಳ್ಳುತ್ತೀ. ಸೊಸೆ ವೀಣಾ ಕೈಲಿ ಫೋನಿನಲ್ಲಿ ಬರೆಸಬಹುದಿತ್ತು. ಬೇಡ ಅನ್ನಿಸಿತು. ಅವಳ ಬೆರಳಿನಿಂದ ಬಂದರೆ ಇದು ನಯವಾಗಿಬಿಡುತ್ತದೆ. ನಾನು ಮಾಡಿದ ಕೆಲಸ ನಯವಾದದ್ದಲ್ಲ.

ನಾಲ್ಕು ವರ್ಷ ಬಾಯಿ ಬಿಡದವಳು ಈಗ ಯಾಕೆ ಅಂತ ಕೇಳುತ್ತೀ. ಮಗು ಬಂತಲ್ಲ — ಅದಕ್ಕೆ. ಒಂಬತ್ತು ವರ್ಷ ಕಾದು, ಮಗ ಮಂಜು, ವೀಣಾ ಇಬ್ಬರೂ ಆಸೆ ಬಿಟ್ಟು, ನಾನೊಬ್ಬಳು ಮಾತ್ರ ಬಿಡದೆ ಇದ್ದು, ಬಂದ ಮೊಮ್ಮಗಳು. ಇವತ್ತಿಗೆ ಹತ್ತೊಂಬತ್ತು ದಿನ. ಬಿಕ್ಕಳಿಸುತ್ತಾಳೆ, ಬಿಕ್ಕಳಿಸಿದ್ದಕ್ಕೆ ತಾನೇ ಬೆಚ್ಚುತ್ತಾಳೆ. ಕಿವಿಯ ಅಂಚಿನಲ್ಲಿ ಪೀಚ್ ಹಣ್ಣಿನ ಸಿಪ್ಪೆ ಮೇಲಿರುತ್ತದಲ್ಲ, ಹಾಗೆ ಕೂದಲು. ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದರೆ ಅಳುವುದೇ ಇಲ್ಲ, ತುಟಿ ಚಪ್ಪರಿಸುತ್ತಾಳೆ. ನನಗೆ ನಿದ್ದೆ ಬೇಡ, ಊಟ ಬೇಡ. ಹಿಲ್ಸ್‌ಬರೋದ ಈ ಬೀದಿಯಲ್ಲಿ ನಾಯಿ ಹಿಡಿದುಕೊಂಡು ಹೋಗುವ ಬಿಳಿಯರಿಗೂ ಕೈ ತೋರಿಸಿ 'ಬೇಬಿ, ಗರ್ಲ್' ಅಂತ ಹೇಳಿದ್ದೇನೆ. ಅಷ್ಟು ಸಂತೋಷ. ಆ ಸಂತೋಷದ ಮಧ್ಯೆ ಮೊನ್ನೆ ನೀನು ಬಂದೆ. ಕೈಯಲ್ಲಿ ನೀನೇ ಹೆಣೆದ ಟೋಪಿ. ಒಳಗೆ ಬರಲಿಲ್ಲ, ಬಾಗಿಲ ಹತ್ತಿರವೇ ನಿಂತು, ಮಗುವಿನ ಮುಖ ನೋಡಿ, ಕೇಳಿದೆ:

"ಅಮ್ಮ, ಒಂದೇ ಒಂದು ಫೋಟೋ ತೆಗೀಲಾ? ಯಾರಿಗೂ ಮಾರಲ್ಲ. ಮಾರೋದೆಲ್ಲ ಬಿಟ್ಟು ನಾಲ್ಕು ವರ್ಷ ಆಯ್ತು."

ನೀನು ನಗುತ್ತಲೇ ಹೇಳಿದೆ. ನಾನು ತೆಗಿ ಅಂದೆ. ನೀನು ಹೋದ ಮೇಲೆ ಮಗುವನ್ನು ವೀಣಾ ಕೈಗೆ ಕೊಟ್ಟು ಗರಾಜಿಗೆ ಹೋಗಿ ಕೂತೆ.

ಮೊದಲಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಯಾಕೆಂದರೆ ಅದರ ಇನ್ನೊಂದು ಮುಖ ನಿನಗೆ ಗೊತ್ತಿಲ್ಲ.

ಮೈಸೂರಿನಲ್ಲಿ ನಾನು ಮೂವತ್ತೆಂಟು ವರ್ಷ ಒಂದು ಛತ್ರದಲ್ಲಿ ಕೆಲಸ ಮಾಡಿದವಳು. ಕಸ ಗುಡಿಸುವುದು, ಪಾತ್ರೆ ತೊಳೆಯುವುದು, ಮತ್ತೆ ರಂಗೋಲಿ. ರಂಗೋಲಿ ನನ್ನದೇ. ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಇಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ನೀನು ಬಾಡಿಗೆಗೆ ಬಂದ ವರ್ಷ, ಬೆಳಿಗ್ಗೆ ನಮ್ಮ ಡ್ರೈವ್‌ವೇ ಮೇಲೆ ನಾನು ಚುಕ್ಕಿ ಇಡುತ್ತಿದ್ದಾಗ ಬಂದು ನಿಂತೆಯಲ್ಲ — ಮೈಸೂರು ಕನ್ನಡ ಕೇಳಿ ನನಗೆ ಪುಡಿ ಕೈಯಲ್ಲೇ ನಿಂತುಹೋಯಿತು. ಕರೀ ಟಾರಿನ ಮೇಲೆ ಬಿಳೀ ಎಳೆ ಎಷ್ಟು ಚೆನ್ನಾಗಿ ಕಾಣುತ್ತೆ ಅಮ್ಮ ಅಂದೆ. ಆಮೇಲೆ ನೀನು ದಿನಾ ಬರತೊಡಗಿದೆ. ಸಣ್ಣ ಏಣಿ ತರುತ್ತಿದ್ದೆ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಕಾಯುತ್ತಿದ್ದೆ. ಆ ಬಿಸಿಲಲ್ಲಿ ಒಂದೊಂದು ಎಳೆಗೂ ನೆರಳು ಬರುತ್ತೆ, ಎಳೆ ಎದ್ದು ನಿಲ್ಲುತ್ತೆ ಅಂತ ನೀನು ಹೇಳಿದ ಮೇಲೇ ನಾನದನ್ನು ನೋಡಿದ್ದು. ಮೂವತ್ತೆಂಟು ವರ್ಷ ಹಾಕಿದವಳಿಗೆ ಕಾಣದ್ದು ನಿನಗೆ ಕಂಡಿತ್ತು.

ಇಂಟರ್ನೆಟ್ಟಲ್ಲಿ ಹಾಕ್ಲಾ ಅಮ್ಮ ಅಂತ ಒಂದು ದಿನ ಕೇಳಿದೆ. ಹಾಕ್ಕೋ ಅಂದೆ ನಾನು. ನೀನು ಕೇಳಿದ್ದು ನಿಜ. ಅದನ್ನು ಮುಚ್ಚಿಡುವುದಿಲ್ಲ. ಎಲ್ಲರೂ ಎಲ್ಲವನ್ನೂ ಹಾಕುತ್ತಾರಲ್ಲ, ಅದೇ ಅಂದುಕೊಂಡೆ. ಅಲ್ಲಿ ಅಂಗಡಿ ಇಟ್ಟು, ದೊಡ್ಡ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಊರೂರಿಗೆ ಕಳಿಸಿ, ಜನ ಗೋಡೆಗೆ ನೇತುಹಾಕುತ್ತಾರೆ ಅಂತ ನನಗೇನು ಗೊತ್ತು.

ಒಂದು ಸಂಜೆ ವೀಣಾನೇ ಸಂಭ್ರಮದಿಂದ ತೋರಿಸಿದಳು, ನೋಡಿ ಅತ್ತೆ, ನಿಮ್ಮ ರಂಗೋಲಿ ಎಷ್ಟು ಫೇಮಸ್ಸು ಅಂತ. ನೋಡಿದೆ. ಕಣ್ಣು ತುಂಬಿತು. ನನ್ನ ಹೂಬಳ್ಳಿ, ನನ್ನ ನವಿಲು, ನನ್ನ ಎಂಟು ದಳದ ಪದ್ಮ. ಎಲ್ಲದರ ಕೆಳಗೂ ನಿನ್ನ ಹೆಸರು. ನನ್ನ ಹೆಸರು ಎಲ್ಲೂ ಇರಲಿಲ್ಲ. ಹೋಗಲಿ ಅಂದುಕೊಂಡೆ. ವೀಣಾ ಬೆರಳು ಇನ್ನೊಂದು ಸಲ ಆಡಿತು — ನನ್ನ ಹಿಮ್ಮಡಿ ಬಂತು.

ಹಿಮ್ಮಡಿ, ಶಬಾನಾ. ನಾನು ಬಗ್ಗಿದ್ದೇನೆ, ಮುಖವಿಲ್ಲ, ಸೀರೆಯ ಅಂಚಿನ ಕೆಳಗೆ ಮಾಸಿದ ಲಂಗ, ಅದರ ಕೆಳಗೆ ಎರಡು ಹಿಮ್ಮಡಿ. ನೀರಲ್ಲಿ ನಿಂತೂ ನಿಂತೂ ಒಡೆದದ್ದು. ಬಿರುಕಿನೊಳಗೆ ರಂಗೋಲಿ ಪುಡಿ ಸೇರಿ ಬಿಳೀ ಗೆರೆ ಗೆರೆ. ಅದನ್ನೂ ನೀನು ಮಾರಾಟಕ್ಕಿಟ್ಟಿದ್ದೆ. ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿದ್ದೆ. ದುಡಿದ ಕಾಲು ಅಂತ ಅದರ ಅರ್ಥ ಅಂದಳು ವೀಣಾ. ನನ್ನ ಮುಖ ನೋಡಿ ಫೋನನ್ನು ಮಗುಚಿಟ್ಟಳು.

ಆಗಲೂ ನಿನ್ನ ಹತ್ತಿರ ಬಂದು ಬೈದಿದ್ದರೆ ಮುಗಿಯುತ್ತಿತ್ತು. ಬರಲಿಲ್ಲ. ಅದಾಗಿ ಎರಡು ವಾರಕ್ಕೆ ಫ್ಲಶಿಂಗ್ ದೇವಸ್ಥಾನಕ್ಕೆ ಹೋಗಿದ್ದೆವು. ಕೆಳಗೆ ಕ್ಯಾಂಟೀನಿನಲ್ಲಿ ದೋಸೆಗೆ ನಿಂತಿದ್ದಾಗ ವೀಣಾ ಆಫೀಸಿನ ಹುಡುಗಿಯೊಬ್ಬಳು ಸಿಕ್ಕಳು. ನನ್ನ ಕಾಲು ನೋಡಿದಳು, ಮುಖ ನೋಡಿದಳು. ಆಂಟಿ, ಆ ಫೋಟೋದ ಕಾಲು ನಿಮ್ಮದೇ ಅಂತೆ, ನನ್ನ ಫ್ರೆಂಡ್ ಮನೇಲಿ ಬಾತ್‌ರೂಮ್ ಹತ್ತಿರದ ಗೋಡೆಗೆ ಹಾಕಿದಾರೆ, ತುಂಬಾ ಕ್ಯೂಟಾಗಿದೆ ಅಂದಳು. ಸಾಲಿನಲ್ಲಿ ಮುಂದಿನವರೂ ಹಿಂದಿನವರೂ ನನ್ನ ಕಾಲು ನೋಡಿದರು. ಕಾಲನ್ನು ಎಲ್ಲಿ ಮುಚ್ಚಿಡುವುದು — ಸೀರೆ ಎಳೆದುಕೊಂಡೆ, ಅದು ಇನ್ನೂ ಮೇಲಕ್ಕೇ ಹೋಯಿತು.

ಅವತ್ತಿನಿಂದ ಬೇಸಿಗೆಯಲ್ಲೂ ಸಾಕ್ಸ್ ಹಾಕಿಕೊಂಡೆ. ಯಾರದೋ ಬಚ್ಚಲ ಗೋಡೆಯ ಮೇಲೆ ನನ್ನ ಹಿಮ್ಮಡಿ. ಮೈಸೂರಿನಲ್ಲಿ ಸಾವುಕಾರರ ಮದುವೆಗಳಲ್ಲಿ ಹೆಂಗಸರು ನನ್ನ ಕಾಲು ನೋಡಿ ಮೂಗು ಮುರಿಯುತ್ತಿದ್ದರು, ಪಂಕ್ತಿಯ ಹತ್ತಿರ ಬರಬೇಡ ಅನ್ನುತ್ತಿದ್ದರು. ಆ ಕಾಲನ್ನು ನಾನು ಸಾಗರ ದಾಟಿಸಿಕೊಂಡು ಬಂದು, ಸದ್ಯ, ಇಲ್ಲಿ ಯಾರೂ ನೋಡುವುದಿಲ್ಲ ಅಂತ ನೆಮ್ಮದಿಯಾಗಿದ್ದೆ. ನೀನು ಅದನ್ನು ಲೋಕಕ್ಕೆಲ್ಲ ತೋರಿಸಿದೆ. ಈಗ ಬರೆಯುವಾಗಲೂ ಮೈ ಉರಿಯುತ್ತದೆ, ಸುಳ್ಳು ಹೇಳಲಾರೆ.

ನಿನಗೆ ನಾನು ಏನೂ ತೋರಿಸಿಕೊಳ್ಳಲಿಲ್ಲ. ಬಾಮ್ಮ ಅಂದೆ, ಕಾಫಿ ಕೊಟ್ಟೆ. ಒಳಗೆ ಮಾತ್ರ ಒಂದೇ ಯೋಚನೆ — ಇವಳಿಗೆ ಎಲ್ಲಿ ಕೈ ಹಾಕಿದರೆ ನೋಯುತ್ತೆ? ಹೂ ಕಟ್ಟುವಾಗ ಅದೇ, ಬೇಳೆ ತೊಳೆಯುವಾಗ ಅದೇ. ನಿನ್ನ ಕ್ಯಾಮೆರಾ ಬಿದ್ದು ಒಡೆಯಲಿ ಅಂತ ದೇವರಿಗೆ ಹೇಳಿಕೊಂಡಿದ್ದೇನೆ. ಒಡೆಯಲಿಲ್ಲ. ಕೊನೆಗೆ ದಾರಿಯನ್ನು ನೀನೇ ತಂದು ನನ್ನ ಕೈಗಿಟ್ಟೆ.

ರಾಬಿನ್ಸ್‌ವಿಲ್‌ನಲ್ಲಿ ಸುಧಾ ಹೊಸ ಮನೆ ತೆಗೆದುಕೊಂಡಿದ್ದಳು. ಅವಳ ಗಂಡ, ನಮ್ಮ ಮಂಜು ಸ್ನೇಹಿತರು. ಗೃಹಪ್ರವೇಶಕ್ಕೆ ಬಾಗಿಲ ಎದುರಿನ ಗೋಡೆಗೆ ಆಳೆತ್ತರದ ರಂಗೋಲಿ ಚಿತ್ರ ಬೇಕು, ಬೇರೆ ಯಾರ ಹತ್ತಿರವೂ ಇರಬಾರದು, ಹೊಸದಾಗಿ ತೆಗೆದುಕೊಡು ಅಂತ ನಿನಗೆ ಹೇಳಿದ್ದಳು. ನೀನು ಓಡಿಬಂದೆ. ನಮ್ಮವರ ಮನೆಯಿಂದ ಮೊದಲನೇ ಆರ್ಡರು ಅಮ್ಮ, ಕನ್ನಡದವರ ಮನೆ, ನಿಮಗೆ ಗೊತ್ತಿರೋದರಲ್ಲೇ ಒಳ್ಳೇದು ಹಾಕಿಕೊಡಿ ಅಂದೆ. ಹಾಕ್ತೀನಿ ಅಂದೆ ನಾನು. ನಿನ್ನ ಮನೆ ಮುಂದೆಯೇ ಹಾಕೋಣ, ಅಲ್ಲಿ ಕಾರಿಲ್ಲ, ಜಾಗ ದೊಡ್ಡದು ಅಂದೆ. ವೀಣಾ ಕಣ್ಣಿಗೆ ಬೀಳಬಾರದು ಅಂತ ಹಾಗಂದಿದ್ದು.

ನಿನಗೆ ಗೊತ್ತಿಲ್ಲದ್ದು ಇದು. ನಮ್ಮ ಛತ್ರದಲ್ಲಿ ಇವತ್ತು ಮದುವೆ, ನಾಳೆ ತೀರಿಕೊಂಡವರ ಹದಿಮೂರನೇ ದಿನದ ಊಟ. ಎರಡಕ್ಕೂ ನಾನೇ. ಮದುವೆಗೆ, ನಾಮಕರಣಕ್ಕೆ, ಗೃಹಪ್ರವೇಶಕ್ಕೆ ಪ್ರತಿ ಎಳೆಯೂ ಜೋಡಿ. ಒಂದರ ಪಕ್ಕ ಒಂದು. ಸುತ್ತ ಕೆಮ್ಮಣ್ಣಿನ ಅಂಚು. ಸಾವಿನ ಊಟಕ್ಕೆ ಕೆಲವರು ರಂಗೋಲಿಯೇ ಬೇಡ ಅನ್ನುತ್ತಾರೆ. ಬೇಕು ಅನ್ನುವವರಿಗೆ ನಾವು ಎಲೆಯ ಮುಂದೆ ಎಳೆಯುತ್ತಿದ್ದದ್ದು ಒಂದೇ ಎಳೆ. ಕೆಮ್ಮಣ್ಣಿಲ್ಲ. ದಕ್ಷಿಣದ ಕಡೆ ಗೆರೆ ಕೂಡಿಸದೆ ಬಾಯಿ ಬಿಟ್ಟಿರಬೇಕು, ಹೋದವರು ಹೋಗಲಿ ಅಂತ. ಹಳೇ ಹೆಂಗಸರು ನೋಡಿದ ತಕ್ಷಣ ಕಂಡುಹಿಡಿಯುತ್ತಾರೆ. ಸುಧಾಳ ಅತ್ತೆ ಲಲಿತಮ್ಮ ಊರಿಂದ ಬಂದಿದ್ದರು. ಅವರು ಕಂಡುಹಿಡಿಯುತ್ತಾರೆ ಅಂತ ನನಗೆ ಗೊತ್ತಿತ್ತು.

ಹಾಕಿದೆ. ಎರಡು ಗಂಟೆ ಹಿಡಿಯಿತು. ನಾನು ಹುಟ್ಟಿದಾಗಿನಿಂದ ಅಷ್ಟು ಚಂದದ ರಂಗೋಲಿ ಹಾಕಿರಲಿಲ್ಲ. ಸೊಂಟ ನೋಯಲಿಲ್ಲ. ದ್ವೇಷಕ್ಕೆ ಅಷ್ಟು ಶಕ್ತಿ ಇರುತ್ತದೆ ಅಂತ ಅವತ್ತೇ ಗೊತ್ತಾದದ್ದು. ನೀನು ಏಣಿ ಹತ್ತಿ, ಕ್ಯಾಮೆರಾ ಕಣ್ಣಿಗಿಟ್ಟು, ತೆಗೆದು, ಮತ್ತೆ ಕೆಳಗೆ ನೋಡಿದೆ. ವರ್ಷದಿಂದ ನನ್ನ ಎಳೆಗಳನ್ನೇ ನೋಡುತ್ತಿದ್ದವಳಲ್ಲವೇ.

"ಅಮ್ಮ, ದಿನಾ ಎರಡೆರಡು ಎಳೆ ಎಳೀತಿದ್ರಿ. ಇವತ್ತು ಒಂದೇ ಇದೆಯಲ್ಲ?"

"ದೊಡ್ಡ ರಂಗೋಲಿಗೆ ಒಂದೆಳೆಯೇ ಲಕ್ಷಣ. ನೀನು ತೆಗಿ," ಅಂದೆ.

ಹೌದಾ ಅಂದೆ ನೀನು. ನಂಬಿದೆ. ನಾನು ಹೇಳಿದ್ದನ್ನು ನೀನು ಯಾವತ್ತಾದರೂ ನಂಬದೆ ಇದ್ದದ್ದುಂಟೇ.

ಗೃಹಪ್ರವೇಶದ ದಿನ ವೀಣಾಗೆ ಕೆಲಸವಿತ್ತು, ಮಂಜು ನನ್ನನ್ನು ಬಿಟ್ಟು ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಹೋದ. ನಾನು ಹಸಿರು ರೇಷ್ಮೆ ಸೀರೆ ಉಟ್ಟಿದ್ದೆ. ತಲೆಗೆ ಹೂ ಮುಡಿದಿದ್ದೆ. ಇನ್ನೊಬ್ಬರು ಬೀಳುವುದನ್ನು ನೋಡಲು ಹಾಗೆ ಸಿಂಗರಿಸಿಕೊಂಡು ಹೋಗಿದ್ದೆ. ಸುಧಾ ಇಲ್ಲಿಗೆ ಬಂದು ಹದಿನೈದು ವರ್ಷವಾಗಿತ್ತು, ಅವಳಿಗೆ ಎಳೆ ಒಂದಾದರೇನು ಎರಡಾದರೇನು. ಬಂದವರನ್ನೆಲ್ಲ ಆ ಗೋಡೆಯ ಮುಂದೆ ನಿಲ್ಲಿಸಿ ತೋರಿಸುತ್ತಿದ್ದಳು. ನೀನು ಪಕ್ಕದಲ್ಲಿ ನಿಂತು ನಾಚಿಕೊಳ್ಳುತ್ತಿದ್ದೆ. ಲಲಿತಮ್ಮ ಆರತಿ ತಟ್ಟೆ ಹಿಡಿದು ಬಂದರು. ನೋಡಿದರು. ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

ಇದನ್ನ ಸಾವಿನ ಮನೇಲಿ ಎಲೆ ಮುಂದೆ ಹಾಕೋದು, ಯಾರು ಹಾಕಿದ್ದು ಇದನ್ನ ಅಂದರು. ಯಾರೋ ಚಿತ್ರವನ್ನು ಇಳಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಲಲಿತಮ್ಮ ಸುತ್ತ ನೋಡಿ ನನ್ನನ್ನು ಕಂಡರು. ಗಿರಿಜಮ್ಮ, ನೀವು ಬಲ್ಲವರು, ನೀವೇ ಹೇಳಿ ಅಂದರು. ನೀನು ನನ್ನ ಕಡೆ ತಿರುಗಿದೆ.

"ನನಗೇನು ಗೊತ್ತು. ಫೋಟೋದ ಕೆಳಗೆ ಅವಳ ಹೆಸರಿದೆ. ಅವಳೇ ಹಾಕಿರಬೇಕು."

ಇಷ್ಟೇ ನಾನು ಆಡಿದ ಮಾತು. ನನ್ನ ಹೆಸರಿಲ್ಲ ಅಂತ ಉರಿದುಕೊಂಡಿದ್ದೆನಲ್ಲ, ಅದೇ ಅವತ್ತು ನನಗೆ ಅಡಗಿಕೊಳ್ಳಲು ಮರೆಯಾಯಿತು. ಮಾತು ಆಡಿದಾಗ ಬಾಯಲ್ಲಿ ಸಿಹಿ ಇತ್ತು, ಶಬಾನಾ. ಸಿಹಿಯೇ ಇತ್ತು.

ನೀನು ಇವರೇ ಹಾಕಿದ್ದು ಅನ್ನಬಹುದಿತ್ತು. ನಿನ್ನ ಫೋನಿನಲ್ಲಿ ನಾನು ಬಗ್ಗಿ ಎಳೆಯುತ್ತಿರುವ ಚಿತ್ರಗಳೂ ಇದ್ದವು, ತೆಗೆದು ತೋರಿಸಿದ್ದರೆ ಅಲ್ಲೇ ನನ್ನ ಕಥೆ ಮುಗಿಯುತ್ತಿತ್ತು. ನೀನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಲಲಿತಮ್ಮನಿಗೆ ಕೈ ಮುಗಿದು, ಹೌದು, ನಾನೇ ಹಾಕಿದ್ದು, ಗೊತ್ತಾಗಲಿಲ್ಲ, ತಪ್ಪಾಯ್ತು ಅಂದೆ. ಹಿಂದಿನಿಂದ ಯಾವಳೋ ಅಂದಳು, ಗೊತ್ತಿಲ್ಲದೆ ಏನಲ್ಲ, ಬೇಕಂತಲೇ ಮಾಡಿರ್ತಾಳೆ, ಅವರ ಜನಾನೇ ಹಾಗೆ. ನೀನು ಕೇಳಿಸಿಕೊಂಡೆ. ನಾನೂ ಕೇಳಿಸಿಕೊಂಡೆ. ನೀನು ಊಟ ಮಾಡದೆ ಹೋದೆ. ನಾನು ಉಂಡೆ. ಎರಡು ಹೋಳಿಗೆ ಹಾಕಿಸಿಕೊಂಡೆ.

ಯಾಕೆ ನನ್ನ ಹೆಸರು ಹೇಳಲಿಲ್ಲ ಅಂತ ಮಾರನೇ ದಿನ ತಿಳಿಯಿತು. ನೀನು ಬಂದು ನನ್ನ ಕೈ ಹಿಡಿದುಕೊಂಡೆ. ಪರವಾಗಿಲ್ಲ ಅಮ್ಮ, ವಯಸ್ಸಾದ ಮೇಲೆ ಮರೆವು ಬರುತ್ತೆ, ನಮ್ಮ ಅಜ್ಜಿ, ನಾನಿ, ಅವರಿಗೂ ಕೊನೆಗೆ ಹೀಗೇ ಆಗಿತ್ತು, ಅಷ್ಟು ಜನರ ಮುಂದೆ ನಿಮ್ಮನ್ನ ಹೇಗೆ ಅನ್ನಲಿ ಅಂದೆ. ಆ ನಾನಿಯ ಕಾಲೂ ಥೇಟ್ ನಿಮ್ಮ ಕಾಲಿನ ಹಾಗೇ ಇತ್ತು, ಅದಕ್ಕೇ ಆ ಫೋಟೋ ತೆಗೆದದ್ದು ಅಂತಲೂ ಅಂದೆ.

ಇದನ್ನು ಕೇಳಿ ನನ್ನ ಎದೆ ಕರಗಿತು ಅಂತ ನೀನು ಅಂದುಕೊಳ್ಳುತ್ತೀ. ಇಲ್ಲ. ಅದೇ ನಾನು ಹೇಳಬೇಕಾದ್ದರಲ್ಲಿ ಎಲ್ಲಕ್ಕಿಂತ ಕಷ್ಟದ್ದು. ನನಗೆ ಇನ್ನೂ ಕೋಪ ಬಂತು. ಮರೆವಂತೆ. ಮೂವತ್ತೆಂಟು ವರ್ಷದಲ್ಲಿ ಒಂದು ಚುಕ್ಕಿ ತಪ್ಪದವಳಿಗೆ ಮರೆವಂತೆ. ನಾನು ಹೊಡೆದದ್ದು ನಿನಗೆ ಗೊತ್ತೇ ಆಗಿರಲಿಲ್ಲ. ಬೇಕಂತಲೇ ಮಾಡಿದೆ ಕಣೇ ಅಂತ ಕೂಗಬೇಕು ಅನ್ನಿಸಿತು, ಪಶ್ಚಾತ್ತಾಪದಿಂದ ಅಲ್ಲ, ಹೊಟ್ಟೆ ಉರಿಗೆ. ಮಂಜು ಮನೆಯಲ್ಲಿದ್ದ, ಸುಮ್ಮನಾದೆ. ನೀನು ಹೊರಗೆ ಹೋದ ಮೇಲೆ ನೀನು ಹಿಡಿದ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

ಆಮೇಲಿನದು ನಿನಗೇ ಚೆನ್ನಾಗಿ ಗೊತ್ತು. ಆ ಚಳಿಗಾಲದಲ್ಲಿ ಸುಧಾಳ ಗಂಡನಿಗೆ ಕೆಲಸ ಹೋಯಿತು. ಚಿತ್ರದಿಂದಲೇ ಹೋಯಿತು ಅಂದರು. ಕಂಪನಿಯಲ್ಲಿ ಎಷ್ಟೋ ಜನಕ್ಕೆ ಹೋಗಿತ್ತು, ಅದು ಯಾರಿಗೂ ಲೆಕ್ಕಕ್ಕೆ ಬರಲಿಲ್ಲ. ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ನಿನ್ನ ಹೆಸರು ಹಾಕಿ ಇವಳ ಹತ್ತಿರ ಏನೂ ತಗೋಬೇಡಿ ಅಂತ ಬರೆದರು. ವೀಣಾ ಓದಿ ಹೇಳಿದಳು, ಪಾಪ, ನಿಮ್ಮನ್ನ ಕೇಳದೆ ತಾನೇ ಹಾಕೋಕೆ ಹೋದಳು ಅಂದಳು. ಯುಗಾದಿ ಕಾರ್ಯಕ್ರಮಕ್ಕೆ ನೀನು ಬರಲಿಲ್ಲ. ನಿನ್ನ ಮಗಳನ್ನು ಕನ್ನಡ ಕ್ಲಾಸಿನಿಂದ ಬಿಡಿಸಿದೆ. ಅಂಗಡಿ ಮುಚ್ಚಿ, ಔಷಧದ ಅಂಗಡಿಯ ಕೌಂಟರಿನಲ್ಲಿ ನಿಂತೆ. ಬೆಳಿಗ್ಗೆ ನಾನು ರಂಗೋಲಿ ಹಾಕುವ ಹೊತ್ತಿಗೆ ನೀನು ಕಾರು ತೆಗೆದುಕೊಂಡು ಹೋಗುತ್ತಿದ್ದೆ. ನಿಧಾನ ಮಾಡಿ ನೋಡುತ್ತಿದ್ದೆ, ಏಣಿ ಮಾತ್ರ ತರಲಿಲ್ಲ. ನಾನು ತಲೆ ಎತ್ತದೆ ಎಳೆಯುತ್ತಿದ್ದೆ. ಗೆದ್ದೆ ಅಂತ ಎಷ್ಟು ದಿನ ಅನ್ನಿಸಿತೋ ನೆನಪಿಲ್ಲ. ತುಂಬಾ ದಿನವೇ ಅನ್ನಿಸಿತು.

ನನ್ನ ಹಿಮ್ಮಡಿಗಾದ ಅವಮಾನ ನಿಜ. ಅದು ನನ್ನದು, ನಾನು ಇಟ್ಟುಕೊಳ್ಳುತ್ತೇನೆ. ನೀನು ನನ್ನ ಕಾಲಿನ ಚಿತ್ರ ತೆಗೆದೆ, ನಾನು ನಿನ್ನ ಹೆಸರು ತೆಗೆದೆ. 'ಅವರ ಜನಾನೇ ಹಾಗೆ' ಅಂದವಳ ಬಾಯಿ ಮುಚ್ಚಿಸಲು ಒಂದು ಮಾತು ಸಾಕಿತ್ತು, ಅದು ನನ್ನೊಬ್ಬಳ ಹತ್ತಿರ ಮಾತ್ರ ಇತ್ತು. ಅದನ್ನು ಹೋಳಿಗೆಯ ಜೊತೆ ನುಂಗಿದೆ.

ಮೊನ್ನೆ ಗರಾಜಿನಿಂದ ಒಳಗೆ ಬಂದು ವೀಣಾ ಮಂಜು ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಮಂಜು ಎದ್ದು ಹೊರಗೆ ಹೋದ. ವೀಣಾ ಅತ್ತಳು. ಭಾನುವಾರ ನಾಮಕರಣ ಇಟ್ಟುಕೊಂಡು ಈ ವಾರವೇ ಹೇಳಬೇಕಿತ್ತಾ ಅತ್ತೆ, ಮಗು ಸಂಭ್ರಮ ಮುಗಿಸಿ ಹೇಳಬಾರದಿತ್ತಾ ಅಂದಳು. ಅವಳು ಹೇಳಿದ್ದರಲ್ಲೂ ನ್ಯಾಯವಿತ್ತು. ಆದರೆ ಮುಗಿದ ಮೇಲೆ ನಾನು ಹೇಳುವುದಿಲ್ಲ ಅಂತ ನನಗೆ ಗೊತ್ತು. ಸುಧಾಗೆ ಫೋನ್ ಹಚ್ಚಿಸಿ, ಈಗಲೂ ಮಗನ ಮನೆಯಲ್ಲಿರುವ ಲಲಿತಮ್ಮನನ್ನು ಫೋನಿಗೆ ಕರೆಸಿದೆ. ಎಲ್ಲ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಕೇಳಿದರು:

"ನಮ್ಮ ಮನೆಗೆ ಸಾವನ್ನ ಕರೆದಿರಾ, ಗಿರಿಜಮ್ಮ?"

ಹೌದು ಅಂದೆ. ಇನ್ನೇನು ಅನ್ನಲಿ. ಆ ಕೈಯಲ್ಲಿ ಆ ಕೂಸಿನ ತೊಟ್ಟಿಲ ಮುಂದೆ ಮಾತ್ರ ರಂಗೋಲಿ ಹಾಕಬೇಡಿ ಅಂತ ಹೇಳಿ ಫೋನಿಟ್ಟರು. ಅವರು ಭಾನುವಾರ ಬರುವುದಿಲ್ಲವಂತೆ. ಇನ್ನೂ ಎರಡು ಮನೆಯವರು ಬರುವುದಿಲ್ಲ ಅಂತ ಹೇಳಿ ಕಳಿಸಿದ್ದಾರೆ.

ಒಂಬತ್ತು ವರ್ಷ ನಾನು ಆ ತೊಟ್ಟಿಲ ರಂಗೋಲಿಯನ್ನು ಮನಸ್ಸಿನಲ್ಲಿ ಹಾಕಿಕೊಂಡು ಬಂದಿದ್ದೆ. ತೊಟ್ಟಿಲ ನಾಲ್ಕು ಕಾಲಿಗೆ ನಾಲ್ಕು ಗಿಳಿ, ನಡುವೆ ಇಪ್ಪತ್ತೊಂದು ಚುಕ್ಕಿ, ಜೋಡಿ ಎಳೆ, ಕೆಮ್ಮಣ್ಣು. ವೀಣಾ ನಿನ್ನೆ ಅಂಗಡಿಯಿಂದ ಒಂದು ಚೀಲ ತಂದು ನನ್ನ ಕಣ್ಣಿಗೆ ಬೀಳದ ಹಾಗೆ ಕಪಾಟಿನಲ್ಲಿಟ್ಟಳು. ನೋಡಿದೆ. ಅಂಟಿಸುವ ರಂಗೋಲಿ, ಪ್ಲಾಸ್ಟಿಕ್ಕಿನದು. ಮಗು ಎದ್ದಿತ್ತು, ಎತ್ತಿಕೊಂಡೆ. ಇಷ್ಟೆಲ್ಲ ಆದರೂ ಅದರ ಮುಖ ನೋಡಿದರೆ ನನಗೆ ನಗು ಬರುತ್ತದೆ, ತಡೆಯಲು ಆಗುವುದಿಲ್ಲ. ಅದು ನನ್ನ ಯೋಗ್ಯತೆಗೆ ಸಿಕ್ಕಿದ್ದಲ್ಲ ಅಂತ ಗೊತ್ತಿದ್ದೂ ಬರುತ್ತದೆ.

ಕ್ಷಮಿಸು ಅಂತ ಬರೆದಿದ್ದೆ, ಹೊಡೆದುಹಾಕಿದೆ. ನೋಡು, ಮೇಲೆ ಕಾಟು ಕಾಣುತ್ತೆ. ನಾಲ್ಕು ವರ್ಷ ನನ್ನ ಮಾನ ಕಾಯುವ ಕೆಲಸ ನಿನ್ನ ಕೈಲಿ ಮಾಡಿಸಿಕೊಂಡವಳು, ಇದನ್ನೂ ನಿನ್ನ ಕೈಲೇ ಮಾಡಿಸಿಕೊಳ್ಳಲಾರೆ.

ಈ ಕಾಗದ ನಾನೇ ತಂದು ನಿನ್ನ ಬಾಗಿಲಿಗೆ ಹಾಕುತ್ತೇನೆ. ನೀನು ಬಾಗಿಲು ತೆಗೆಯಬೇಕಾಗಿಲ್ಲ. ಭಾನುವಾರ ಹತ್ತು ಗಂಟೆಗೆ ನಾಮಕರಣ. ನೀನು ಬಂದರೂ ಸರಿ, ಬಾರದಿದ್ದರೂ ಸರಿ. ಅವತ್ತು ಸುಧಾಳ ಮನೆಯಲ್ಲಿದ್ದ ಹೆಂಗಸರಲ್ಲಿ ಸುಮಾರು ಜನ ಬರುತ್ತಾರೆ. ಗಿರಿಜಮ್ಮನ ಮನೆಯ ತೊಟ್ಟಿಲ ಮುಂದೆ ಪ್ಲಾಸ್ಟಿಕ್ ರಂಗೋಲಿ ಯಾಕೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಿದರೆ ಹೇಳುತ್ತೇನೆ. ಕೇಳದಿದ್ದರೆ, ಮಗುವಿನ ಹೆಸರು ಕೂಗುವ ಮೊದಲು ನಾನೇ ಎದ್ದು ನಿಂತು ಹೇಳುತ್ತೇನೆ.